ಎಡಗೈ ಅಳತೆ

ನಿಡಗುಂದಿ
12 ಜನವರಿ 1975

ತಂಗಿ ಸಾವಂತ್ರಿಗೆ,

ಇದು ಕಾರ್ಡು. ಇಲ್ಲಿ ಅಂಚೆಯವನು ಓದುತ್ತಾನೆ, ಅಲ್ಲಿ ಸಾಲೋಟಗಿಯಲ್ಲಿ ನಿಮ್ಮ ಓಣಿಯೆಲ್ಲ ಓದುತ್ತದೆ. ಆದ್ದರಿಂದ ಒಳ್ಳೆಯ ಸುದ್ದಿ ಮಾತ್ರ ಬರೆಯುತ್ತೇನೆ.

ನಮ್ಮ ಅತ್ತೆ ಸಿದ್ದಲಿಂಗವ್ವನವರ ಅಣ್ಣನ ಮಗ ಸೋಮನಿಂಗ ಮುದ್ದೇಬಿಹಾಳದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಅತ್ತೆ ತಾವಾಗಿಯೇ ಮಾತು ತೆಗೆದರು. "ನಿನ್ನ ತಂಗೀನ್ನ ನಮ್ಮ ಸೋಮನಿಂಗಗ ಕೇಳೂಣೇನ? ನಿನ್ನ ಹಾಂಗ ಮಾತು ಕಡಿಮಿ ಇದ್ರ ಸಾಕು" ಎಂದರು. ಅವರು ಬಾಯಿಬಿಟ್ಟು ನನ್ನನ್ನು ಹೊಗಳಿದ್ದು ಆರು ವರ್ಷದಲ್ಲಿ ಇದೊಂದೇ ಸಲ. ಅಪ್ಪ, ಅವ್ವನಿಗೆ ಓದಿ ಹೇಳು. ಒಪ್ಪಿದರೆ ಮುಂದಿನ ತಿಂಗಳು ಹೆಣ್ಣು ನೋಡಲು ಬರುತ್ತಾರೆ.

ಇವರು ಆಲಮಟ್ಟಿ ಕೆಲಸಕ್ಕೆ ಹೋದರೆ ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಮಗಳು ಇಂದುವೂ ಚೆನ್ನಾಗಿದ್ದಾಳೆ. ಸಂಕ್ರಾಂತಿಯ ಕುಸುರೆಳ್ಳು ಕಾರ್ಡಿನಲ್ಲಿ ಹಿಡಿಯುವುದಿಲ್ಲ, ತಿಂದೆ ಎಂದು ತಿಳಿದುಕೋ.

ನಿನ್ನ ಅಕ್ಕ
ಸುಂದರವ್ವ


ಸಾಲೋಟಗಿ
21 ಜನವರಿ 1975

ಅಕ್ಕಾ,

ನಿನ್ನ ಕಾರ್ಡನ್ನು ಅಂಚೆಯ ಸಂಗಣ್ಣ ಕಟ್ಟೆಯ ಮೇಲೆಯೇ ಓದಿ ಮುಗಿಸಿದ್ದ. ಬಾಗಿಲಿಗೆ ಬಂದು, "ಸಾವಂತ್ರವ್ವಗ ಮುದ್ದೇಬಿಹಾಳದಿಂದ ಗಂಡು ಬಂದೈತ್ರಿ, ಸಕ್ಕರಿ ಕೊಡ್ರಿ" ಎಂದ. ಅವ್ವ ನಿಜವಾಗಿಯೂ ಸಕ್ಕರೆ ಕೊಟ್ಟಳು. ಅದಕ್ಕೇ ನಾನು ಇನ್‌ಲ್ಯಾಂಡ್‌ನಲ್ಲಿ ಬರೆಯುತ್ತಿದ್ದೇನೆ. ಅಂಟು ಚೆನ್ನಾಗಿ ಹಚ್ಚಿದ್ದೇನೆ.

ಅಪ್ಪ ಒಪ್ಪಿದ್ದಾನೆ. ಚಳಿಗೆ ಅವನ ಮೊಣಕಾಲ ಕೆಳಗಿನ ಗಂಟು ನೋಯುತ್ತದೆ. ಕೇಳಿದವರಿಗೆ ಅದೇ ಹಳೆಯ ಮಾತು, "ಬಾವಿ ತೋಡುವಾಗ ಕಲ್ಲು ಬಿದ್ದಿತ್ತು." ಯಾವ ಬಾವಿ ಎಂದು ಇದುವರೆಗೆ ಯಾರೂ ಕೇಳಿಲ್ಲ.

ನನಗೆ ಹೆದರಿಕೆ ಇದೆ. ಯಾಕೆಂದು ಕೇಳಬೇಡ. ಒಂದು ಮಾತು ಮಾತ್ರ ಹೇಳು. ನಿನ್ನ ನಿಶ್ಚಯದ ದಿನ, ಗಂಡಿನ ಕಡೆಯವರು ಬಳೆ ಇಡಿಸುವಾಗ, ನಿನ್ನ ಎಡಗೈ ಹೇಗೆ ದಾಟಿಸಿದೆ? ಆಗ ನಾನು ಚಿಕ್ಕವಳು, ನೆನಪಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ.

ಇಂದುವಿಗೆ ಮುತ್ತು.

ಸಾವಂತ್ರಿ


ನಿಡಗುಂದಿ
8 ಫೆಬ್ರವರಿ 1975

ತಂಗಿ,

ಇದನ್ನು ನೀನೊಬ್ಬಳೇ ಓದು. ಕೊನೆಯಲ್ಲಿ ಇಂದುವಿನ ವಿಷಯ ಬರೆದಿದ್ದೇನೆ. ಅಪ್ಪನಿಗೆ ಅಷ್ಟೇ ಓದಿ ಹೇಳು.

ನನ್ನ ನಿಶ್ಚಯದ ದಿನ ಬಳೆ ಇಡಿಸಿದವನು ನಮ್ಮೂರ ಬಳೆಗಾರ ರಾವಸಾಬನೇ. ಗಂಡಿನ ಕಡೆಯವರು ತಮ್ಮ ಬಳೆಗಾರರನ್ನು ಕರೆತಂದಿರಲಿಲ್ಲ. ಅವ್ವ ಮೊದಲೇ ಅವನಿಗೆ ಹೇಳಿದ್ದಳು. ಬಲಗೈಗೆ ಒಂದು ಅಳತೆ, ಎಡಗೈಗೆ ಒಂದು ಅಳತೆ ದೊಡ್ಡದು. ಎರಡನ್ನೂ ಬೇರೆ ಬೇರೆ ದಾರದಲ್ಲಿ ಕಟ್ಟಿ ತಂದಿದ್ದ. ನೂರು ಮಾತಾಡುವ ಮನುಷ್ಯ ಅವತ್ತು ಒಂದೂ ಮಾತಾಡಲಿಲ್ಲ. ಮುಂಗೈ ಎಲುಬಿನ ಗಂಟಿನ ಮೇಲೆ ಬಳೆ ಸರಿದು ಕೂತವು. ಮುಚ್ಚಿಹೋಯಿತು.

ಆಮೇಲೆ ಮುಚ್ಚುವುದೇ ಒಂದು ಕೆಲಸವಾಯಿತು. ಬಲಗೈಯಿಂದ ರೊಟ್ಟಿ ಬಡಿಯುತ್ತೇನೆ, ಎಡಗೈ ಬರೀ ತಿರುಗಿಸಲಿಕ್ಕೆ. ಅಂಗೈ ಪೂರಾ ಮೇಲೆ ಮಾಡಲು ಬರುವುದಿಲ್ಲ ಎಂದು ಯಾರಿಗೂ ತಿಳಿಯದ ಹಾಗೆ ಪ್ರಸಾದವನ್ನು ಸೆರಗಿನಲ್ಲಿ ತೆಗೆದುಕೊಳ್ಳುತ್ತೇನೆ. ಅದನ್ನು ನೋಡಿ ಅತ್ತೆ ಭಕ್ತಿ ಎಂದುಕೊಂಡಿದ್ದಾರೆ. ಇವರಿಗೆ ಚಿಕ್ಕವಳಿದ್ದಾಗ ಕಣದಲ್ಲಿ ಬಿದ್ದಿದ್ದೆ ಎಂದು ಹೇಳಿದ್ದೇನೆ.

ನಿನಗೇಕೆ ಹೆದರಿಕೆ? ಅಪ್ಪನಿಂದ ನನಗೆ ಬಂತು, ನಿನಗೆ ಬರಲಿಲ್ಲ. ನಿನ್ನ ಕೈ ನೇರ ಇದೆ, ಕಾಲು ನೇರ ಇದೆ. ಒಬ್ಬಳಾದರೂ ಉಳಿದಳಲ್ಲ ಎಂದು ನಾನು ದಿನಾ ನೆನೆಯುತ್ತೇನೆ. ಮುದ್ದೇಬಿಹಾಳದವರ ಮುಂದೆ ಅಪ್ಪನ ಕಾಲಿನ ಮಾತು ಬರದಂತೆ ನೋಡಿಕೊಳ್ಳಿ, ಅಷ್ಟೇ ಸಾಕು.

ಇಂದು ಸ್ವಲ್ಪ ಕುಂಟುತ್ತಾಳೆ. ಕಟ್ಟೆಯಿಂದ ಬಿದ್ದಳು. ಹೆಚ್ಚೇನೂ ಇಲ್ಲ.

ಸುಂದರವ್ವ


ಸಾಲೋಟಗಿ
24 ಫೆಬ್ರವರಿ 1975

ಅಕ್ಕಾ,

ನೋಡಿಕೊಂಡು ಹೋದರು. ಒಪ್ಪಿದ್ದಾರೆ.

ಸೋಮನಿಂಗನ ತಾಯಿ ಲಕ್ಕವ್ವ ಬಂದು ಕೂತ ಕೂಡಲೇ, "ನಡದು ತೋರ್ಸವಾ" ಎಂದರು. ನಡೆದೆ. "ಮಾತಾಡ್ತೀಯೋ, ಮೂಕಿಯೋ?" ಎಂದರು. "ಮಾತಾಡ್ತೇನ್ರಿ" ಎಂದೆ. "ಇಷ್ಟ ಸಾಕು, ಹೆಚ್ಚು ಬ್ಯಾಡ" ಎಂದು ನಕ್ಕರು. ಕೆಟ್ಟವರಲ್ಲ ಅನ್ನಿಸಿತು.

ಅವನು ನನ್ನನ್ನು ನೋಡಿದನೋ ಇಲ್ಲವೋ ಗೊತ್ತಿಲ್ಲ. ಗೋಡೆಗೆ ಒರಗಿಸಿದ್ದ ಅಪ್ಪನ ಸೈಕಲ್ಲನ್ನೇ ನೋಡುತ್ತಿದ್ದ. ಕೊನೆಗೆ ಬಾಯಿಬಿಟ್ಟು ಅಂದದ್ದು ಇದು, "ಹಿಂದಿನ ಗಾಲಿ ವಾರೆ ಆಗೇತ್ರಿ." ಎದ್ದು ಹೋಗಿ, ತನ್ನ ಚೀಲದಿಂದ ಒಂದು ಸಣ್ಣ ಪಾನಾ ತೆಗೆದು, ಕಡ್ಡಿಗಳನ್ನು ಒಂದೊಂದಾಗಿ ಬಿಗಿ ಮಾಡಿ ಗಾಲಿ ತಿರುಗಿಸಿ ನೋಡಿದ. ಲಕ್ಕವ್ವ, "ಹೆಣ್ಣು ನೋಡಾಕ ಬಂದೀಯೋ ಸೈಕಲ್ ನೋಡಾಕ ಬಂದೀಯೋ?" ಎಂದರು. ಎಲ್ಲರೂ ನಕ್ಕರು. ಗಾಲಿ ಈಗ ನೇರ ಓಡುತ್ತದೆ.

ಯುಗಾದಿ ಆದ ಮೇಲೆ, ಏಪ್ರಿಲ್ ಇಪ್ಪತ್ತಕ್ಕೆ ನಿಶ್ಚಯ. ಮೇ ಕೊನೆಗೆ ಮದುವೆ. ಬಳೆ, ಬಳೆಗಾರತಿ ಎರಡೂ ಅವರ ಕಡೆಯಿಂದಲೇ ಬರುತ್ತವಂತೆ. ಅಳತೆಗೆ ಒಂದು ಬಳೆ ಕೇಳಿದರು. ಅವ್ವ ನನ್ನ ಬಲಗೈಯಿಂದ ಒಂದನ್ನು ತೆಗೆದು ಕೊಟ್ಟಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

ಇಂದು ಬಿದ್ದದ್ದನ್ನು ಅಪ್ಪನಿಗೆ ಓದಿ ಹೇಳಿದೆ. "ಯಾವ ಕಾಲು?" ಎಂದ. ಬರೆದಿಲ್ಲ ಎಂದೆ. ಊಟಕ್ಕೆ ಕೂತವನು ಎದ್ದು ಹೊಲಕ್ಕೆ ಹೋದ.

ನಿಶ್ಚಯಕ್ಕೆ ನಾಲ್ಕು ದಿನ ಮೊದಲೇ ಬಾ. ನೀನು ಪಕ್ಕದಲ್ಲಿ ಇಲ್ಲದಿದ್ದರೆ ನನಗೆ ಆಗುವುದಿಲ್ಲ. ಬಂದಾಗ ಒಂದು ಮಾತು ಹೇಳುವುದಿದೆ.

ಸಾವಂತ್ರಿ


ಸಾಲೋಟಗಿ
27 ಮಾರ್ಚ್ 1975

ಅಕ್ಕಾ,

ಒಂದು ಪತ್ರ, ಎರಡು ಕಾರ್ಡು ಹಾಕಿದೆ. ನಿನ್ನದು ಒಂದು ಅಕ್ಷರವೂ ಇಲ್ಲ. ಸಂಗಣ್ಣ ನನ್ನನ್ನು ನೋಡಿ ದೂರದಿಂದಲೇ ಕೈ ಆಡಿಸುತ್ತಾನೆ.

ಇಂಡಿ ಸಂತೆಯಲ್ಲಿ ನಿಮ್ಮ ಊರ ಕಡೆಯವರೊಬ್ಬರು ಸಿಕ್ಕಿದ್ದರಂತೆ. "ನಿಮ್ಮ ಮಗಳು ಆರಾಮ ಅದಾಳ, ನಿಶ್ಚಯಕ್ಕ ಬರೂದಿಲ್ಲ ಅಂದ್ಲು" ಎಂದು ಅಪ್ಪನಿಗೆ ಹೇಳಿದರಂತೆ. ಅವರಿಗೆ ಹೇಳಲು ಬಂದದ್ದು ನನಗೆ ಬರೆಯಲು ಬರಲಿಲ್ಲವೇ?

ನನ್ನ ಮನಸ್ಸಿನಲ್ಲಿ ಇದ್ದದ್ದು ಬರೆದುಬಿಡುತ್ತೇನೆ. ನಿನಗೆ ಕಷ್ಟವಾಗಿ ಆದ ಮದುವೆ ನನಗೆ ಸುಲಭವಾಗಿ ಆಗುತ್ತಿದೆ ಎಂದು ನಿನಗೆ ಸಂಕಟವೇ? ಹಾಗಿದ್ದರೆ ನಿನಗೆ ಏನೂ ಗೊತ್ತಿಲ್ಲ ಅಕ್ಕಾ. ಏನೇನೂ ಗೊತ್ತಿಲ್ಲ.

ಸಾವಂತ್ರಿ


ನಿಡಗುಂದಿ
4 ಏಪ್ರಿಲ್ 1975

ತಂಗಿಗೆ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಮನೆಯಲ್ಲಿ ಬೇರೆ ಇರಲಿಲ್ಲ. ಇಂದುವಿಗೆ ಜ್ವರ. ನಾನು ಬರಲು ಆಗುವುದಿಲ್ಲ. ಅತ್ತೆ ಬರುತ್ತಾರೆ. ಕಾರ್ಯ ಚೆನ್ನಾಗಿ ಆಗಲಿ.

ಸುಂದರವ್ವ


ನಿಡಗುಂದಿ
11 ಏಪ್ರಿಲ್ 1975

ಸಾವಂತ್ರಿ,

ನಾಳೆ ಯುಗಾದಿ. ಅತ್ತೆ ಬೇವು ತರಲು ಹೊಲಕ್ಕೆ ಹೋಗಿದ್ದಾರೆ. ಬರುವುದರೊಳಗೆ ಬರೆದು ಮುಗಿಸಬೇಕು. ಅಪ್ಪನಿಗೆ ಇದನ್ನು ಓದಬೇಡ, ನನ್ನ ಆಣೆ.

ಇಂದು ಕಟ್ಟೆಯಿಂದ ಬಿದ್ದಿರಲಿಲ್ಲ. ಅವಳ ಎಡ ಮೊಣಕಾಲ ಕೆಳಗೆ ಗಂಟು ಇದೆ. ದೀಪಾವಳಿಗೆ ಎಣ್ಣೆ ಹಚ್ಚುವಾಗ ನನ್ನ ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟು. ಈಗ ನಿಂಬೆಹಣ್ಣಿನ ಅರ್ಧ. ಮುಟ್ಟಿದರೆ ಕಲ್ಲಿನಂತೆ, ಅಲುಗಾಡುವುದಿಲ್ಲ. ನನ್ನದು ಹಾಗೇ, ಅಪ್ಪನದು ಹಾಗೇ. ನಾನು ಯಾರಿಗೂ ಹೇಳಲಿಲ್ಲ. ಫೆಬ್ರವರಿಯಲ್ಲಿ ಅವಳು ಕುಂಟಲು ಶುರು ಮಾಡಿದ ಮೇಲೆ ಅತ್ತೆಯ ಕಣ್ಣಿಗೆ ಬಿತ್ತು.

ಅತ್ತೆ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಮೊಮ್ಮಗಳೆಂದರೆ ಅವರಿಗೆ ಜೀವ. ಸಿಂದಗಿ ಕಡೆಯವನೊಬ್ಬ ಚುಟಿಗೆ ಹಾಕುತ್ತಾನೆಂದು ಕೇಳಿ ಕರೆಸಿದರು. ಕಬ್ಬಿಣದ ಸಲಾಕಿ ಕಾಯಿಸಿ ಎತ್ತುಗಳಿಗೂ ಹಾಕುತ್ತಾನೆ, ಮನುಷ್ಯರಿಗೂ ಹಾಕುತ್ತಾನೆ. "ಗಂಟಿನ ಬೇರು ಸುಟ್ಟರ ಗಂಟು ಇಳಿತೈತಿ" ಎಂದ. ಅತ್ತೆ ಕಾಲು ಹಿಡಿದರು. ನಾನು ತಲೆ ಹಿಡಿದೆ.

ಒಂದು ಮಾತು ಸಾಕಾಗಿತ್ತು. "ಇದು ನಮ್ಮ ಮನೆತನದ್ದು, ಅಪ್ಪನಿಗೆ ಇದೆ, ನನಗೆ ಇದೆ, ಏನೂ ಆಗುವುದಿಲ್ಲ, ಸುಡಬೇಡಿ" ಎನ್ನಬೇಕಾಗಿತ್ತು. ಬಾಯಿಯವರೆಗೆ ಬಂದಿತ್ತು. ಅದೇ ಮುಂಜಾನೆ ಅತ್ತೆ ಹೇಳಿದ್ದರು, "ಲಕ್ಕವ್ವ ನಿನ್ನ ತಂಗಿಗೆ ಇಳಕಲ್ ಸೀರಿ ತಂದಾಳಂತ." ಎಲುಬಿನ ಮಾತು ಅತ್ತೆಗೆ ಗೊತ್ತಾದರೆ ಸಂಜೆಯೊಳಗೆ ಮುದ್ದೇಬಿಹಾಳಕ್ಕೆ ಗೊತ್ತಾಗುತ್ತದೆ. ಬಾಯಿ ಮುಚ್ಚಿಕೊಂಡೆ. ಮೂರು ಗೆರೆ ಎಳೆದ.

ಗಂಟು ಇಳಿಯಲಿಲ್ಲ. ಸುಟ್ಟದ್ದು ಕೀವಾಯಿತು. ಜ್ವರ ಬಂತು. ಬಾಗೇವಾಡಿ ದವಾಖಾನೆಗೆ ಒಯ್ದೆವು. ಡಾಕ್ಟರು ಗಾಯ ತೊಳೆದು ಸೂಜಿ ಹಾಕಿದರು. ಆಮೇಲೆ ಇನ್ನೊಂದು ಕಾಲು, ತೊಡೆ, ಭುಜದ ಹಿಂದಿನ ಹಲಗೆ ಎಲುಬು ಎಲ್ಲ ಒತ್ತಿ ನೋಡಿದರು. ನಾನು ಕಾಣದ ಮೂರು ಗಂಟು ಅವರ ಕೈಗೆ ಸಿಕ್ಕವು. "ಮನ್ಯಾಗ ಯಾರಿಗರೆ ಹಿಂಗ ಐತೇನವಾ? ತಂದಿಗೆ, ತಾಯಿಗೆ, ಅಜ್ಜಗ?" ಎಂದು ಕೇಳಿದರು. ಅತ್ತೆ, "ನಮ್ಮ ವಂಶದಾಗ ಯಾರಿಗೂ ಇಲ್ರಿ" ಎಂದರು. ಡಾಕ್ಟರು ನನ್ನ ಕಡೆ ತಿರುಗಿ, "ನಿಮ್ಮ ತವರ ಕಡೆ?" ಎಂದರು. ಇಲ್ಲ ಎಂದೆ. ಆಗ ನನ್ನ ಎಡಗೈ ಇಂದುವಿನ ತಲೆಯ ಕೆಳಗೆ ಇತ್ತು.

"ವಂಶದಾಗ ಇದ್ರ ಬ್ಯಾರೆ ಮಾತಾಗಿತ್ತು. ಇಲ್ಲಂದ್ರ ಇದು ಎಂಥಾದ್ದು ಅಂತ ನೋಡಬೇಕಾಗ್ತದ" ಎಂದು ಬಿಜಾಪುರದ ದೊಡ್ಡ ಡಾಕ್ಟರಿಗೆ ಚೀಟಿ ಕೊಟ್ಟರು. ಎಲುಬಿನ ಫೋಟೊ ತೆಗೆಯಬೇಕಂತೆ. ಕೊಯ್ದು ಎಲುಬಿನ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕಾದರೂ ಆಗಬಹುದಂತೆ. ಗಾಯ ಒಣಗಿದ ಮೇಲೆ, ಮೇ ಎರಡಕ್ಕೆ ಬರಲು ಹೇಳಿದ್ದಾರೆ.

ನಿನ್ನ ಮದುವೆ ಮೇ ಕೊನೆಗೆ. ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ. ಒಂದು ತುಣುಕು ತೆಗೆದರೆ ತೆಗೆಯಲಿ, ಎಲುಬು ತಾನೇ, ಮತ್ತೆ ಬೆಳೆಯುತ್ತದೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು ಹೇಳಿಕೊಂಡು ದಣಿದಿದ್ದೇನೆ. ನೀನು ಬರೆದ ಸಂಕಟ ನನಗಿಲ್ಲ. ನಿನ್ನ ಎರಡು ಕೈಗೂ ಒಂದೇ ಅಳತೆಯ ಬಳೆ ಇಳಿಯುವುದನ್ನು ನೋಡಬೇಕೆಂದು ಆಸೆ ಇತ್ತು, ಅಷ್ಟೇ.

ಅತ್ತೆ ಬಂದರು.

ಸುಂದರವ್ವ


ಸಾಲೋಟಗಿ
21 ಏಪ್ರಿಲ್ 1975

ಅಕ್ಕಾ,

ನಿನ್ನ ಪತ್ರ ಹದಿನೇಳಕ್ಕೆ ಬಂತು. ನಿನ್ನ ಆಣೆ ಮುರಿದು ಅಪ್ಪನಿಗೆ ಓದಿದೆ. ಮೊದಲು ಅದಕ್ಕೆ ಬೈದುಬಿಡು.

ಅಪ್ಪ ಎತ್ತುಗಳಿಗೆ ಮೇವು ಹಾಕುತ್ತಿದ್ದ. ಕೇಳುತ್ತ ಮೇವಿನ ಸಿವುಡು ಕೈಯಲ್ಲಿ ಹಿಡಿದುಕೊಂಡೇ ಕೂತ. ಮುಗಿದ ಮೇಲೆ, "ಎಷ್ಟು ಗೆರಿ ಎಳದಾನ?" ಎಂದ. ಮೂರು ಎಂದೆ. ಧೋತರ ಮೇಲೆತ್ತಿ ಕಾಲು ತೋರಿಸಿದ. ನಾವು ಹುಟ್ಟಿದಾಗಿನಿಂದ ಕಲ್ಲು ಬಿದ್ದ ಗಾಯ ಎಂದು ತಿಳಿದದ್ದು ಗಾಯ ಅಲ್ಲ ಅಕ್ಕಾ. ಮೂರು ಗೆರೆ. ಅಪ್ಪ ಏಳು ವರ್ಷದವನಿದ್ದಾಗ ಅಜ್ಜಿ ಚುಟಿಗೆ ಹಾಕಿಸಿದ್ದಳಂತೆ. ಬಾವಿಯೂ ಇಲ್ಲ, ಕಲ್ಲೂ ಇಲ್ಲ. "ಹೇಳಾಕ ನಾಚಿಕಿ ಬಂತು" ಎಂದ. ಅಷ್ಟೇ.

ಈಗ ನನ್ನ ಮಾತು. ನೀನು ಬಂದಾಗ ಹೇಳುತ್ತೇನೆ ಎಂದಿದ್ದೆ. ನನ್ನ ಕೈ ನೇರ ಇಲ್ಲ. ನೀನು ಮದುವೆಯಾಗಿ ಹೋದ ವರ್ಷವೇ ಎಡ ಮುಂಗೈ ಮೇಲೆ ಬಂತು. ನೀನು ಬಾಣಂತನಕ್ಕೆ ಬಂದಾಗ ಹುಣಸೆ ಬೀಜದಷ್ಟು ಇತ್ತು. ಬಳೆಗಳನ್ನು ಅದರ ಮೇಲೆ ಇಳಿಸಿಕೊಂಡು ಓಡಾಡುತ್ತಿದ್ದೆ. "ಅಕ್ಕಗ ಹೇಳಬ್ಯಾಡ. ನೀ ಒಬ್ಬಾಕಿ ಉಳದಿ ಅಂತ ಸಮಾಧಾನ ಮಾಡ್ಕೊಂಡಾಳ, ಅದನ್ನೂ ಕಸಗೋಬ್ಯಾಡ" ಎಂದು ಅವ್ವ ಹೇಳಿದ್ದಳು. ನನಗೂ ರಾವಸಾಬ ಎರಡು ಅಳತೆ ತರುತ್ತಾನೆ.

ನಿನ್ನೆ ಏನಾಯಿತೆಂದರೆ, ಅವರು ಮುದ್ದೇಬಿಹಾಳದಿಂದ ತಂದ ಹಸಿರು ಬಳೆ ಎಲ್ಲವೂ ಒಂದೇ ಅಳತೆ. ಅವ್ವ ಕೊಟ್ಟ ಬಲಗೈ ಬಳೆಯ ಅಳತೆ. ಎಡಗೈದು ಕೊಟ್ಟಿದ್ದರೆ ಎಲ್ಲ ಸುಸೂತ್ರ ಆಗುತ್ತಿತ್ತು, ಬಲಗೈಗೆ ಸಡಿಲಾಗುತ್ತಿದ್ದವು ಅಷ್ಟೇ. ಆದರೆ ಎಡಗೈಯಿಂದ ಒಂದು ಬಳೆ ತೆಗೆದರೂ ಗಂಟು ಕಾಣುತ್ತದೆಂದು ಅವಳಿಗೆ ಹೆದರಿಕೆ. ಮುಚ್ಚಿ ಮುಚ್ಚಿ ನಮಗೆ ಅದೇ ರೂಢಿಯಾಗಿದೆ.

ಬಲಗೈಗೆ ಸಲೀಸಾಗಿ ಇಳಿದವು. ಎಡಗೈಗೆ ಮೊದಲನೆಯದು ಹಸ್ತ ದಾಟಿ ಗಂಟಿನ ಮೇಲೆ ನಿಂತಿತು. ಬಳೆಗಾರತಿ ಸ್ವಲ್ಪ ಒತ್ತಿದಳು, ಒಡೆಯಿತು. ಎರಡನೆಯದೂ ಒಡೆಯಿತು. ರಕ್ತ ಬಂತು. ನಿಶ್ಚಯದ ಬಳೆ. ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಅವ್ವ, "ಹುಡುಗಿ ಅಂಜಿ ಕೈ ಬಿಗಿ ಹಿಡದಾಳ್ರಿ" ಎಂದಳು. ಬಳೆಗಾರತಿ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಬಿಗಿ ಅಲ್ರಿ ಯವ್ವಾ, ಎಲುಬು" ಎಂದಳು.

ಲಕ್ಕವ್ವ ಬಗ್ಗಿ ನೋಡಿದರು. "ಏನಿದು?"

ಅವ್ವ ಶುರು ಮಾಡಿದಳು, "ಸಣ್ಣಾಕಿ ಇದ್ದಾಗ ಕಣದಾಗ ಬಿದ್ದು..."

ನನ್ನ ಕಣ್ಣ ಮುಂದೆ ನೀನು ಇಂದುವಿನ ತಲೆ ಹಿಡಿದದ್ದು ಬಂತು. "ಬಿದ್ದಿಲ್ರಿ" ಎಂದೆ. "ಇದು ತಾನಾಗೇ ಬೆಳದದ್ದು. ನಮ್ಮಪ್ಪಗ ಐತಿ, ನಮ್ಮಕ್ಕಗ ಐತಿ, ಇಂದುಗೂ ಇದೇ ಐತಿ. ಇದಕ್ಕ ಚುಟಿಗಿ ಹಾಕಬಾರದ್ರಿ, ಕೊಯ್ಯಬಾರದ್ರಿ."

ನಿಮ್ಮ ಅತ್ತೆ ಎದುರಿಗೇ ಕೂತಿದ್ದರು. ಅವರ ಮುಂದೆ ನಿನ್ನ ಗುಟ್ಟು ಹೊರಗೆ ಹಾಕಿದೆ. ಅದಕ್ಕೂ ಬೈದುಬಿಡು.

ಅವರು ಎದ್ದು ಪಡಸಾಲೆಗೆ ಹೋಗಿ ಅಪ್ಪನ ಮುಂದೆ ನಿಂತು, "ಬೀಗರ, ಕಾಲು ತೋರಸ್ರಿ" ಎಂದರು. ಗಂಡಸರೆಲ್ಲ ಕೂತಿದ್ದರು, ಸೋಮನಿಂಗನೂ ಇದ್ದ. ಅಪ್ಪ ಧೋತರ ಮೇಲೆತ್ತಿದ. ಮೂರು ಗೆರೆ ನೋಡಿ ನಿಮ್ಮ ಅತ್ತೆ ಅಲ್ಲಿಯೇ ಗೋಡೆ ಹಿಡಿದು ಕೂತರು.

ಲಕ್ಕವ್ವ ಊಟ ಮಾಡಿದರು, ಸೀರೆ ಮರಳಿ ಗಂಟಿನಲ್ಲಿ ಇಟ್ಟುಕೊಂಡರು. "ವಿಚಾರ ಮಾಡಿ ಹೇಳಿ ಕಳಸ್ತೇವಿ" ಎಂದರು. ಹೋಗುವಾಗ ನನ್ನ ಮುಂಗೈ ಮೇಲಿನ ರಕ್ತ ನೋಡಿ, "ಅರಿಷಿಣ ಹಚ್ಚಗೋ" ಎಂದರು.

ಇವತ್ತು ಮುಂಜಾನೆಯ ಬಸ್ಸಿಗೆ ಅಪ್ಪ ನಿಮ್ಮ ಅತ್ತೆಯ ಜೊತೆಯಲ್ಲಿಯೇ ಹೊರಟಿದ್ದಾನೆ. ಈ ಪತ್ರಕ್ಕಿಂತ ಮೊದಲು ಅವರೇ ಬಂದು ಮುಟ್ಟುತ್ತಾರೆ. ಇನ್ನು ನನ್ನ ಸಲುವಾಗಿ ನೀನು ಕಾಯುವುದು ಏನೂ ಉಳಿದಿಲ್ಲ. ಹೇಳು ಅಕ್ಕಾ. ಎಲ್ಲರಿಗೂ ಹೇಳು.

ಸಾವಂತ್ರಿ


ನಿಡಗುಂದಿ
6 ಮೇ 1975

ಸಾವಂತ್ರಿ,

ಬೈಯಲಿಕ್ಕೆ ನನ್ನಲ್ಲಿ ಶಕ್ತಿ ಇಲ್ಲ. ಬೈಯುವ ಮನಸ್ಸೂ ಇಲ್ಲ. ಆರು ವರ್ಷ ನೀನೂ ಮುಚ್ಚಿಕೊಂಡು ತಿರುಗಿದೆ, ನನ್ನ ಸಮಾಧಾನಕ್ಕೆ.

ಅವತ್ತು ಅತ್ತೆ ಬಂದವರು ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ನಾನು ಒಲೆಯ ಮುಂದೆ ಇದ್ದೆ. ನನ್ನ ಎಡಗೈ ಹಿಡಿದು ಬಳೆ ಮೇಲೆ ಸರಿಸಿ ಗಂಟು ಒತ್ತಿ ನೋಡಿದರು. ಆಮೇಲೆ ಹೇಳಿದರು, "ಆರು ವರ್ಷ ಈ ಕೈಲೆ ಮಾಡಿದ ರೊಟ್ಟಿ ತಿಂದೀನಿ. ಎಡಗೈ ಆಡೂದಿಲ್ಲ ಅನ್ನೂದು ನನಗ ಕಂಡಿಲ್ಲಂತ ತಿಳದಿದ್ದೇನ? ಬಿದ್ದಿದ್ಲು ಅಂದ್ರು, ಇರ್ಲಿ ಅಂದೆ. ನೀ ಒಂದು ಮಾತು ಅಂದಿದ್ರ ಆ ಕೂಸಿನ ಕಾಲು ನಾ ಹಿಡಿತಿದ್ನೇನ?"

ನಿನ್ನ ಮದುವೆಗಾಗಿ ಎಂದು ಹೇಳಬಹುದಿತ್ತು. ಆದರೆ ಸುಟ್ಟದ್ದು ನಿನ್ನ ಕಾಲಲ್ಲವಲ್ಲ.

ಇವರು ಶನಿವಾರ ಬಂದರು, ಎಲ್ಲ ಕೇಳಿದರು. "ಕಣದಾಗ ಬಿದ್ದಿದ್ದೆ ಅಂದಿದ್ದಿ" ಎಂದರು. ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು.

ಎರಡನೆಯ ತಾರೀಖು ಇಂದುವನ್ನು ಕರೆದುಕೊಂಡು ಅತ್ತೆ, ನಾನು ಬಿಜಾಪುರಕ್ಕೆ ಹೋದೆವು. ಅಪ್ಪ ಇಲ್ಲಿಯೇ ಉಳಿದಿದ್ದವನು ಜೊತೆಗೆ ಬಂದ. ಡಾಕ್ಟರು ಚೀಟಿ ಓದಿ ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ನನ್ನ ನೋಡ್ರಿ" ಎಂದು ಎರಡೂ ಕಾಲು ಬರಿದು ಮಾಡಿ, ಅಂಗಿ ತೆಗೆದು ಬೆನ್ನು ತೋರಿಸಿದ. ನಾಲ್ಕು ಜನರ ಮುಂದೆ ಅಂಗಿ ಬಿಚ್ಚದ ಮನುಷ್ಯ. ನಾನು ಬಳೆ ಮೇಲೆ ಮಾಡಿ ಕೈ ಚಾಚಿದೆ. ಒಂದೇ ಬೆಂಚಿನ ಮೇಲೆ ಅಜ್ಜ, ಮಗಳು, ಮೊಮ್ಮಗಳು ಕೂತೆವು. ಡಾಕ್ಟರು ಒಬ್ಬೊಬ್ಬರನ್ನೂ ಒತ್ತಿ ನೋಡುತ್ತ ಬಂದರು. ಇಂದು, "ಅಜ್ಜಾ, ನಿನಗ ನನ್ನಕಿಂತ ಹೆಚ್ಚು ಅದಾವು" ಎಂದು ಎಣಿಸತೊಡಗಿದಳು. ಡಾಕ್ಟರು ನಕ್ಕರು. ಅಪ್ಪನೂ ನಕ್ಕ.

ಇಂದುವಿನ ಕಾಲಿನ ಫೋಟೊ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಎಲುಬಿನ ಪಕ್ಕಕ್ಕೆ ಮರದ ಗೆಣ್ಣಿನಂತೆ ಇನ್ನೊಂದು ಎಲುಬು ಹೊರಟಿದೆ. ಅವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. "ಇದು ಕೆಟ್ಟ ಗಂಟಲ್ಲ. ತಂದಿ, ತಾಯಿಯಿಂದ ಮಕ್ಕಳಿಗೆ ಬರ್ತದ. ಎಲ್ಲರಿಗೂ ಬರಬೇಕಂತಿಲ್ಲ, ಸುಮಾರು ಅರ್ಧ ಮಕ್ಕಳಿಗೆ ಬರ್ತದ. ಕೂಸು ಬೆಳೆಯೂತನಕ ಇದೂ ಬೆಳೀತದ, ಬೆಳೆಯೂದು ನಿಂತ ಮ್ಯಾಲ ಇದೂ ನಿಲ್ತದ. ನಡಿಯಾಕ ತೊಂದರಿ ಆದ್ರ ತಗದು ಹಾಕೂಣು, ಈಗ ಬ್ಯಾಡ. ದೊಡ್ಡವರಾದ ಮ್ಯಾಲ ಹೊಸದಾಗಿ ದಪ್ಪಾದ್ರ, ನೋವು ಹೆಚ್ಚಾದ್ರ ಮಾತ್ರ ತಡಾ ಮಾಡದ ಬರ್ರಿ." ಅಪ್ಪನ ನೋವು ಹೊಸದಲ್ಲ, ಪ್ರತಿ ಚಳಿಗಾಲದ್ದು. ಆದರೂ ಅವನ ಕಾಲಿನ ಫೋಟೊ ತೆಗೆದು ನೋಡಿದರು. ಹೆದರುವಂಥದ್ದಿಲ್ಲ ಎಂದರು. ತುಣುಕು ತೆಗೆಯುವ ಮಾತೇ ಬರಲಿಲ್ಲ.

ಆಮೇಲೆ ಸುಟ್ಟ ಗೆರೆಗಳನ್ನು ನೋಡಿ, "ಈ ಕೂಸಿಗೆ ಆದ ತ್ರಾಸೆಲ್ಲ ಇದರಿಂದ" ಎಂದರು. ಅತ್ತೆ ಬಾಗಿಲ ಕಡೆ ಮುಖ ಮಾಡಿದರು. ನಾನೂ ಅತ್ತ ಕಡೆಯೇ ನೋಡಿದೆ.

ಅತ್ತೆ ಇಂದುವಿನ ಜೊತೆ ಮಾತಾಡುತ್ತಾರೆ. ನನ್ನ ಜೊತೆ ಇಲ್ಲ.

ಮುದ್ದೇಬಿಹಾಳದಿಂದ ಏನಾದರೂ ಬಂತೇ?

ಸುಂದರವ್ವ


ಸಾಲೋಟಗಿ
22 ಮೇ 1975

ಅಕ್ಕಾ,

ಬಂತು. ಕಾರ್ಡೇ ಬಂತು. ಸಂಗಣ್ಣ ಅವತ್ತು ಕಟ್ಟೆಯ ಮೇಲೆ ಓದಲಿಲ್ಲ. ಓದಿದ್ದರೂ ಹೇಳಲಿಲ್ಲ. ಅಕ್ಷರ ಕೆಳಗೆ ಮಾಡಿ ನನ್ನ ಕೈಯಲ್ಲಿ ಇಟ್ಟು, "ನೀರು ಕೊಡವಾ" ಎಂದ. ಬಾಯಾರಿಕೆ ಆಗಿರಲಿಲ್ಲ ಎಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಈ ವರ್ಷ ಮದುವೆ ಮಾಡುವ ವಿಚಾರವಿಲ್ಲ ಎಂದು ಬರೆಸಿದ್ದಾರೆ. ಹುಟ್ಟುವ ಮಕ್ಕಳ ಚಿಂತೆ ಎಂದು ಬರೆದಿಲ್ಲ, ಆದರೆ ಅದೇ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸೋಮನಿಂಗನಿಂದ ಏನೂ ಇಲ್ಲ. ಎರಡು ದಿನ ಅಳುತ್ತಲೇ ಇದ್ದೆ. ಮೂರನೆಯ ದಿನ ದನಿ ಬಿದ್ದುಹೋಯಿತು, ನಿಲ್ಲಿಸಿದೆ. ಅಪ್ಪನ ಸೈಕಲ್ ಗಾಲಿ ಇನ್ನೂ ನೇರವೇ ಓಡುತ್ತದೆ. ಅದನ್ನು ನೋಡಿದಾಗ ಮಾತ್ರ ಸ್ವಲ್ಪ ಕಷ್ಟ.

ಅವ್ವ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಒಂದು ಸಲ ಮಾತ್ರ, "ಎಡಗೈ ಬಳಿ ಕೊಟ್ಟಿದ್ರ ಸುಸೂತ್ರ ಆಗತಿತ್ತು" ಎಂದಳು. "ಆಗತಿತ್ತು, ಇಂದುನ್ನ ಕೊಯ್ಯತಿದ್ರು" ಎಂದೆ. ಎದ್ದು ಒಳಗೆ ಹೋದಳು.

ಅಪ್ಪ ಬದಲಾಗಿದ್ದಾನೆ. ಮೊನ್ನೆ ಕಟ್ಟೆಯ ಮೇಲೆ ಯಾರೋ ಕಾಲಿನ ಬಗ್ಗೆ ಕೇಳಿದರೆ, "ಹುಟ್ಟಾ ಬಂದದ್ದು, ನಮ್ಮ ಮನ್ಯಾಗ ನಾಕು ಮಂದಿಗೈತಿ" ಎಂದನಂತೆ, ಹೊಲ ಎಷ್ಟಿದೆ ಎಂದು ಹೇಳುವವರ ಹಾಗೆ.

ನಿನ್ನೆ ರಾವಸಾಬ ಬಂದಿದ್ದ. ಪ್ರತಿ ಸಲ ನಾವು ಅವನನ್ನು ಒಳಗೆ ಕರೆದು ಬಾಗಿಲು ಹಾಕುತ್ತಿದ್ದೆವು. ನಿನ್ನೆ ನಾನು ಓಣಿಯಲ್ಲಿಯೇ ಕಟ್ಟೆಯ ಮೇಲೆ ಕೂತು ಎರಡೂ ಕೈ ಮುಂದೆ ಮಾಡಿದೆ. ಅವನು ಅತ್ತಿತ್ತ ನೋಡಿ, "ಇಲ್ಲೇ ಇಡ್ಲೇನ ತಂಗಿ?" ಎಂದ. ಇಲ್ಲೇ ಇಡು ಎಂದೆ. ಕೆಂಪು ದಾರ ಕಟ್ಟಿದ ಎಡಗೈ ಬಳೆಗಳನ್ನು ಚೀಲದ ತಳದಿಂದ ತೆಗೆದ. ಓಣಿಯ ಹೆಂಗಸರು ನೋಡಿದರು. ನೋಡಿ ತಮ್ಮ ತಮ್ಮ ಬಣ್ಣ ಆರಿಸಿಕೊಳ್ಳತೊಡಗಿದರು.

ಅವನ ಹತ್ತಿರ ಈ ಸಲ ಒಳ್ಳೆಯ ಬಳೆ ಇವೆ. ನಿನಗೂ ಇಂದುವಿಗೂ ತೆಗೆದಿಡುತ್ತೇನೆ. ನಿನ್ನ ಎಡಗೈ ಅಳತೆ ಕಳಿಸು.

ಸಾವಂತ್ರಿ


ನಿಡಗುಂದಿ
3 ಜೂನ್ 1975

ಸಾವಂತ್ರಿ,

ಇದನ್ನು ಲಕೋಟೆಯಲ್ಲಿ ಹಾಕಿದ್ದೇನೆ. ಒಳಗೆ ದಾರ ಇವೆ, ತೆರೆಯುವಾಗ ಬೀಳಿಸಬೇಡ.

ನಿನ್ನ ಪತ್ರ ನಾನು ಅತ್ತೆಯ ಮುಂದೆಯೇ ಓದಿದೆ, ದೊಡ್ಡದಾಗಿ. ಲಕ್ಕವ್ವನ ಕಾರ್ಡಿನ ಮಾತು ಬಂದಾಗ ಅವರು, "ನಮ್ಮಣ್ಣನ ಮನಿ, ನಾ ಏನು ಹೇಳ್ಲಿ" ಎಂದರು. ನನ್ನ ಕಡೆ ನೋಡಿ ಹೇಳಿದರೋ, ಗೋಡೆಗೆ ಹೇಳಿದರೋ ಗೊತ್ತಿಲ್ಲ. ಆದರೆ ನಲವತ್ತು ದಿನದ ಮೇಲೆ ಮಾತು.

ಸಂಜೆ ನಾನು ಬಳೆ ತೆಗೆದಿಟ್ಟು ಒಂದೇ ಕೈಯಿಂದ ದಾರ ಸುತ್ತಿಕೊಳ್ಳಲು ನೋಡುತ್ತಿದ್ದೆ. ಜಾರುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ನೋಡಿದರು. "ತಾ ಇಲ್ಲೆ" ಎಂದು ದಾರ ಕಸಿದುಕೊಂಡು, ಗಂಟಿನ ಮೇಲಿಂದಲೇ ಸುತ್ತಿ ಅಳೆದು ಹಲ್ಲಿನಿಂದ ಕಡಿದರು. ಆಮೇಲೆ ಇಂದುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಎರಡೂ ಕೈ ಅಳೆದರು. ಅವಳ ಕೈಯಲ್ಲಿ ಇನ್ನೂ ಏನೂ ಇಲ್ಲ. ಬರಬಹುದು, ಬರದೇ ಇರಬಹುದು.

ಕೆಂಪು ದಾರ ನನ್ನ ಎಡಗೈ. ಬಿಳಿ ದಾರ ಬಲಗೈ. ಸಣ್ಣವು ಎರಡು ಇಂದುವಿನವು. ಅವನ್ನು ಅತ್ತೆ ಸಡಿಲ ಹಿಡಿದು ಅಳೆದಿದ್ದಾರೆ. ಬಿಗಿ ಹಿಡಿಯಿರಿ ಎಂದೆ. "ಇರ್ಲಿ, ಕೈ ಇನ್ನೂ ಬೆಳೀಬೇಕು" ಎಂದರು.

ಸುಂದರವ್ವ